ಕೆನೆ ಹೋಳಿಗೆಯ ತಟ್ಟೆ

ಭ್ರಮರಾಂಬಳ ಹತ್ತಿರ ಒಂದು ಡಬ್ಬಿ ಹುರುಳಿ ಇತ್ತು. ತಿನ್ನುವ ಹುರುಳಿಯಲ್ಲ. ಒಲೆಯೊಳಗೆ ಹೋಗಿ ಬಂದು, ಹೋಗಿ ಬಂದು, ಕರ್ರಗೆ ಕಲ್ಲಾಗಿ, ದನದ ಮುಂದಿಟ್ಟರೆ ಮೂಸಿ ಮುಖ ತಿರುಗಿಸುವಂಥ ಹುರುಳಿ. ಪೈ ಎನ್ನುವ ದೊರೆಗಳ ಸಿಹಿತಿಂಡಿ ಮಾಡುವಾಗ ತಟ್ಟೆಗೆ ಹಾಸಿದ ಹಿಟ್ಟು ಪೂರಿಯ ಹಾಗೆ ಉಬ್ಬಿ ಕೂರಬಾರದಲ್ಲ, ಅದಕ್ಕೆ ಮೇಲೊಂದು ಕಾಗದ ಹಾಸಿ, ಅದರ ಮೇಲೆ ಭಾರಕ್ಕೆ ಈ ಹುರುಳಿ ಹರಡಿ ಮೊದಲೊಂದು ಸಲ ಬರೀ ಹಿಟ್ಟನ್ನೇ ಬೇಯಿಸಬೇಕು. ಆಮೇಲೆ ಹುರುಳಿ ಡಬ್ಬಿಗೆ, ಹಣ್ಣು ಕೆನೆ ತಟ್ಟೆಗೆ. ಹಿಂದೂಪುರದಲ್ಲಿ ಈ ವಿದ್ಯೆ ಬಲ್ಲವರು ಇನ್ನೂ ಯಾರಾದರೂ ಇದ್ದರೋ ಏನೋ, ಭ್ರಮರಾಂಬ ಅಂತೂ ಯಾರನ್ನೂ ಕಂಡಿರಲಿಲ್ಲ.

ಎಂಬತ್ತೆಂಟರ ಕಾರ್ತೀಕದ ಮೊದಲ ಸೋಮವಾರ, ಬೆಳಕು ಹರಿಯುವ ಹೊತ್ತಿಗೆ ಅವಳು ಆ ಡಬ್ಬಿಯನ್ನು ತೆಗೆದಳು. ಆ ಒಲೆಯಲ್ಲಿ ಅದೇ ಕೊನೆಯ ಪೈ. ಅವಳು ಅಡುಗೆಗಿದ್ದ ಮಿಷನ್ ಗೆಸ್ಟ್‌ಹೌಸು ಆ ತಿಂಗಳ ಕೊನೆಗೆ ಬಾಗಿಲು ಹಾಕಲಿತ್ತು. ದೂರದಿಂದ ಬಂದು ಉಳಿಯುವ ದೊರೆಗಳು ಈಗ ಯಾರೂ ಇರಲಿಲ್ಲ. ಕಟ್ಟಡವನ್ನು ಯಾರೋ ರೇಷ್ಮೆಯವರು ಕೇಳಿದ್ದರು. ಹಿತ್ತಲಲ್ಲಿ ಅವಳಿಗೆಂದು ಕೊಟ್ಟಿದ್ದ ಕೋಣೆಯೂ ಅದರ ಜೊತೆಗೇ ಹೋಗುತ್ತಿತ್ತು.

ಎಲ್ಲಿಗೆ ಹೋಗುತ್ತೀ ಎಂದು ಕೇಳಿದವರಿಗೆಲ್ಲ ಅವಳು, “ನಂಗೇನಮ್ಮ, ಕಲ್ಯಾಣದುರ್ಗದಾಗೆ ನನ್ ತಮ್ಮ ಅವ್ನೆ” ಎಂದು ಗತ್ತಿನಿಂದಲೇ ಹೇಳಿದ್ದಳು. ಹೇಳಿದ ಮೇಲೆ ಕೋಣೆಗೆ ಬಂದು ಒಬ್ಬಳೇ ಕೂತು ಯೋಚಿಸುತ್ತಿದ್ದಳು. ತಮ್ಮ ಇದ್ದಾನೆ, ಸರಿ. ಬಾ ಎಂದು ಅವನಿನ್ನೂ ಹೇಳಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು, “ಅಕ್ಕ, ಇನ್ನು ಇಲ್ಲೇ ಇರು.” ಅದನ್ನು ಮರುಳಪ್ಪ ತಾನಾಗಿಯೇ ಹೇಳಬೇಕು. ಕೇಳಿ ಹೇಳಿಸಿಕೊಂಡರೆ ಅದು ಭಿಕ್ಷೆಯಾಗುತ್ತದೆ ಎಂಬ ಬಿಗುಮಾನ ಅವಳದು.

ಬಿಗುಮಾನಕ್ಕೆ ಕಾರಣವೂ ಇತ್ತೆನ್ನಿ. ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅವಳು ತವರಿಗೆ ಬಂದಾಗ ಮರುಳಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಅಷ್ಟರಲ್ಲೇ ಅಪ್ಪನೂ ಲಿಂಗೈಕ್ಯನಾದ. ನೆಂಟರೆಲ್ಲ ಬಂದು ಅತ್ತು, ಉಂಡು, ಹೋದರು. ಲಿಂಗವಂತರ ಮನೆ ಹೆಣ್ಣು ಮಿಷನ್ನಿನವರ ಅಡುಗೆಗೆ ಹೋಗುವುದೇ ಎಂದು ಆಡಿಕೊಂಡವರಲ್ಲಿ ಒಬ್ಬರೂ ಒಂದು ಸೇರು ರಾಗಿ ತಂದು ಇಳಿಸಲಿಲ್ಲ. ಭ್ರಮರಾಂಬ ಹೋದಳು. ತಮ್ಮನನ್ನು ಓದಿಸಿದಳು, ಕಲ್ಯಾಣದುರ್ಗದಲ್ಲಿ ಕಿರಾಣಿ ಅಂಗಡಿ ಇಡಿಸಿದಳು, ದ್ರಾಕ್ಷಾಯಣಮ್ಮನನ್ನು ತಂದು ಮದುವೆ ಮಾಡಿದಳು. ಹುಡುಗನಾಗಿದ್ದಾಗ ಅವನು ಅವಳ ಸೆರಗು ಹಿಡಿದು, “ನಾನು ದೊಡ್ಡೋನಾದ್ಮೇಲೆ ನೀನು ನಮ್ಮನೇಲೇ ಇರ್ಬೇಕು ಕಣಕ್ಕ” ಎಂದಿದ್ದ. ಮಕ್ಕಳು ಏನೇನೋ ಹೇಳುತ್ತವೆ. ದೊಡ್ಡವರು ಅದನ್ನು ಗಂಟು ಕಟ್ಟಿಕೊಂಡು ಕೂರಬಾರದು. ಅವಳು ಕಟ್ಟಿಕೊಂಡಿದ್ದಳು.

ಪೈ ಕಲಿಸಿದವಳು ಎಲ್ಸಾ ದೊರೆಸಾನಿ. ಗೆಸ್ಟ್‌ಹೌಸನ್ನು ಬಹಳ ಕಾಲ ನೋಡಿಕೊಂಡಿದ್ದವಳು. ಮೊದಲ ದಿನ ಅವಳು ಹಿಟ್ಟಿಗೆ ಮೊಟ್ಟೆ ಒಡೆಯಲು ಹೋದಾಗ ಭ್ರಮರಾಂಬ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಿದ್ದಳು. ದೊರೆಸಾನಿ ತನ್ನ ಹರಕು ತೆಲುಗಿನಲ್ಲಿ ಕೇಳಿದಳು, “ನುವ್ವು ತಿನವಾ? ತಿನಕಪೋತೇ ರುಚಿ ಎಲಾ ತೆಲುಸ್ತುಂದಿ?” ತಿನ್ನದಿದ್ದರೆ ರುಚಿ ಹೇಗೆ ಗೊತ್ತಾಗುತ್ತದೆ ಎಂದು. ಅಂದಿನಿಂದ ಆ ಮನೆಯ ಪೈಗೆ ಮೊಟ್ಟೆ ಬೀಳಲಿಲ್ಲ. ತಣ್ಣೀರಿನ ಕೊಡದಲ್ಲಿಟ್ಟು ಗಟ್ಟಿ ಮಾಡಿದ ಬೆಣ್ಣೆ, ಮೈದಾ, ಚಿಟಿಕೆ ಉಪ್ಪು, ಅಷ್ಟೇ. ಭ್ರಮರಾಂಬ ಕತ್ತಿನಲ್ಲಿ ಲಿಂಗ ಕಟ್ಟಿಕೊಂಡು ಬಂದವಳು, ಹಾಗೇ ಇದ್ದಳು. ತನ್ನ ಅನ್ನವನ್ನು ತನ್ನ ಕೋಣೆಯ ಒಲೆಯಲ್ಲೇ ಬೇಯಿಸಿಕೊಂಡು, ಲಿಂಗಪೂಜೆ ಮುಗಿಸಿಯೇ ಉಣ್ಣುತ್ತಿದ್ದಳು. ದೊರೆಸಾನಿ ಊರಿಗೆ ಹೋಗುವಾಗ ಪೈ ಬೇಯಿಸುವ ತನ್ನ ಅಂಚು ಸುಕ್ಕಿನ ತಟ್ಟೆಯನ್ನು ಇವಳಿಗೆ ಕೊಟ್ಟು ಹೋದಳು.

ಅಪ್ಪನ ನೆನಪಿಗೆ ಮರುಳಪ್ಪ ಕಾರ್ತೀಕದ ಮೊದಲ ಸೋಮವಾರ ಸಂಜೆ ಮನೆಯಲ್ಲಿ ಪೂಜೆ ಮಾಡುತ್ತಿದ್ದ. ಆ ದಿನಕ್ಕೆ ಭ್ರಮರಾಂಬ ವರ್ಷವರ್ಷವೂ ಒಂದು ಪೈ ಒಯ್ಯುತ್ತಿದ್ದಳು. ಆಗ ಸೀತಾಫಲದ ಕಾಲ. ಹಣ್ಣಿನ ಒಂದೊಂದು ಬೀಜವನ್ನೂ ಬೆರಳಲ್ಲಿ ಬಿಡಿಸಿ, ತಿರುಳು ತೆಗೆದು, ಸಣ್ಣ ಉರಿಯಲ್ಲಿ ಹಾಲನ್ನು ಕದಡಿ ಕದಡಿ ಇಳಿಸಿದ ಗಟ್ಟಿ ಕೆನೆಗೆ ಸಕ್ಕರೆ ಏಲಕ್ಕಿ ಹಾಕಿ ಕಲಸಿ ತುಂಬುತ್ತಿದ್ದಳು. ಪೈ ತಲುಪಿದ ಸ್ವಲ್ಪ ದಿನಕ್ಕೆ ಮರುಳಪ್ಪ ಬೆಲ್ಲ, ಹುಣಸೆ ಖರೀದಿಗೆಂದು ಹಿಂದೂಪುರದ ಮಂಡಿಗೆ ಬಂದಾಗ ತಟ್ಟೆ ವಾಪಸು ಬರುತ್ತಿತ್ತು. ಗೇಟಿನಲ್ಲೇ ಕೊಟ್ಟು, “ಲಾರಿ ನಿಂತದೆ ಕಣಕ್ಕ” ಎಂದು ಓಡುತ್ತಿದ್ದ.

ಆ ತಟ್ಟೆ ಒಂದು ಸಲವೂ ಬರಿದಾಗಿ ಬಂದದ್ದಿಲ್ಲ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸಬೇಕಾದ್ದಲ್ಲ. ಒಗೆದ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿದ ತಟ್ಟೆಯೊಳಗೆ ಒಂದು ವರ್ಷ ಎರಡು ಹಿಡಿ ಹುರುಳಿ, ಇನ್ನೊಂದು ವರ್ಷ ನವಣೆ, ಮಗದೊಂದು ವರ್ಷ ಬೀಜ ತೆಗೆದ ಹುಣಸೆಹಣ್ಣು. ಎಷ್ಟೇ ಆದರೂ ದ್ರಾಕ್ಷಾಯಣಿ ದೊಡ್ಡ ಮನಸ್ಸಿನವಳು, ಬಾಯಲ್ಲಿ ಆಡದಿದ್ದರೂ ಕೈಯಲ್ಲಿ ತೋರಿಸುತ್ತಾಳೆ ಎಂದುಕೊಂಡು ಭ್ರಮರಾಂಬ ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದಳು. ನವಣೆ ಅನ್ನ ಮಾಡಿದ ದಿನ ಪಕ್ಕದ ಮನೆಯವರಿಗೆ ಕೇಳುವ ಹಾಗೆ, “ನಮ್ ತವರಿಂದ ಬಂದಿದ್ದು” ಎನ್ನುತ್ತಿದ್ದಳು. ಪೈಗೆ ಭಾರವಾಗಿ ಹರಡುತ್ತಿದ್ದದ್ದೂ ಆ ಹುರುಳಿಯಲ್ಲೇ ತೆಗೆದಿಟ್ಟದ್ದು.

ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಸ್ಸಿನಲ್ಲಿ ಕೂತಳು. ಸೋಮಂದೇಪಲ್ಲಿಯಲ್ಲಿ ಜನ ನುಗ್ಗಿತು. ಪಕ್ಕದಲ್ಲಿ ಕೂತ ಗಂಡಸು ಕಾಲು ಚಾಚಿದಾಗ, “ಜರುಗಯ್ಯಾ, ಹಾಲಿನ ಪದಾರ್ಥ ಐತೆ” ಎಂದು ಗದರಿದಳು. ಕಂಡಕ್ಟರ್ ನಕ್ಕು, “ಏಮಮ್ಮಾ, ಬುಟ್ಟಿಲೋ ಚಂಟಿಪಾಪ ಉಂದಾ?” ಎಂದ. ಬುಟ್ಟಿಯಲ್ಲಿ ಕೂಸು ಮಲಗಿದೆಯೇ ಎಂಬ ಹಾಸ್ಯಕ್ಕೆ ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಕಂಬದೂರು ದಾಟುವ ತನಕ ಅವಳು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಗೆಸ್ಟ್‌ಹೌಸು ಮುಚ್ಚುವ ಸುದ್ದಿಯನ್ನಷ್ಟೇ ಹೇಳುವುದು. ಆಮೇಲೆ ಸುಮ್ಮನಿರುವುದು. ಉಳಿದದ್ದು ಅವನಿಗೆ ಬಿಟ್ಟದ್ದು.

ಮನೆ ತಲುಪಿದಾಗ ದ್ರಾಕ್ಷಾಯಣಮ್ಮ ಓಡಿ ಬಂದು ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. “ಇಷ್ಟ್ ದೂರದಿಂದ ಹೊತ್ಕೊಂಡ್ ಬಂದಿದೀರ ಅತ್ತಿಗೆ, ಪಾಪ.” ಎಂದಿನಂತೆ ಅದನ್ನು ಪಡಸಾಲೆಯ ಎತ್ತರದ ಹಲಗೆಯ ಮೇಲಿಟ್ಟಳು. ಎಂದಿನಂತೆ, “ಇವತ್ತು ಸೋಮವಾರ, ಒಪ್ಪತ್ತಲ್ವಾ, ಸಾಯಂಕಾಲ ಪೂಜೆ ಆದ್ಮೇಲೆ ಎಲ್ರೂ ತಿಂತೀವಿ” ಎಂದಳು. ಎಂದಿನಂತೆ ಪಡಸಾಲೆಯಲ್ಲೇ ಭ್ರಮರಾಂಬಳಿಗೊಂದು ಎಲೆ ಹಾಕಿದಳು. ಅತ್ತಿಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕು, ರಾತ್ರಿ ಗೆಸ್ಟ್‌ಹೌಸಿನ ಅಡುಗೆ ಆಗಬೇಕು, ಆದ್ದರಿಂದ ಒಬ್ಬಳೇ ಮೊದಲು ಉಂಡುಬಿಡುವುದು ಆ ಮನೆಯ ವಾಡಿಕೆ. ತನ್ನ ಬಸ್ಸಿನ ಚಿಂತೆ ತನಗಿಂತ ನಾದಿನಿಗೇ ಹೆಚ್ಚು ಎಂದು ಭ್ರಮರಾಂಬ ಎಷ್ಟೋ ಸಲ ಮೆಚ್ಚಿಕೊಂಡಿದ್ದಳು.

ಮರುಳಪ್ಪ ಅಂಗಡಿಯಿಂದ ಬಂದ. ತಲೆ ಮುಂದೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಅಕ್ಕನ ಕಾಲು ಮುಟ್ಟಿ, “ಯಾವ್ ಬಸ್ಸಿಗಕ್ಕ ಹೊರಡೋದು?” ಎಂದ.

“ಇವತ್ತು ಹೋಗಲ್ಲಪ್ಪ. ಗೆಸ್ಟ್‌ಹೌಸು ಮುಚ್ತಾರಂತೆ. ಈ ತಿಂಗಳೇ ಕೊನೆ. ಅಡುಗೆ ಯಾರಿಗ್ ಮಾಡ್ಲಿ ಹೋಗಿ? ಪೂಜೆ ನೋಡ್ಕೊಂಡು ನಾಳೆಗ್ ಹೋಯ್ತೀನಿ.”

ಹೇಳಿಬಿಟ್ಟಳು. ಮರುಳಪ್ಪ ಹೆಂಡತಿಯ ಮುಖ ನೋಡಿದ. ದ್ರಾಕ್ಷಾಯಣಮ್ಮ ಸೆರಗು ಸರಿ ಮಾಡಿಕೊಂಡಳು. “ಅಯ್ಯೋ, ಮುಚ್ತಾರಂತಾ?” ಎಂದ ಮರುಳಪ್ಪ. ಆಮೇಲೆ, “ಪೂಜೆಗೆ ಹೂವು ತರ್ಬೇಕು” ಎಂದು ಎದ್ದು ಹೋದ. ಇನ್ನೂ ಸಂಜೆ ಇದೆ, ರಾತ್ರಿ ಇದೆ, ಗಂಡಸರಿಗೆ ಮಾತು ತಡವಾಗಿ ಬರುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಕಾಲು ತೊಳೆಯಲೆಂದು ಹಿತ್ತಲಿಗೆ ಹೋದಳು. ಅಲ್ಲಿ ಒಬ್ಬ ಹೆಂಗಸು ಪಾತ್ರೆ ತೊಳೆದು ಬೋರಲು ಹಾಕಿ, ಕಲ್ಲಿನ ಮೇಲೆ ಕೂತು ಏನನ್ನೋ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಬಟ್ಟೆಯ ಸಂದಿಯಲ್ಲಿ ಅಂಚು ಸುಕ್ಕಿನ ತಟ್ಟೆ. ಪೈ ತುಂಬಿದ ತಟ್ಟೆ.

ಹೆಂಗಸು ತಲೆಯೆತ್ತಿ ನೋಡಿ, ಅವಳು ಯಾರೆಂದು ಹೊಳೆದ ಕೂಡಲೇ ಮುಖವೆಲ್ಲ ಅರಳಿಸಿದಳು. “ನೀವೇ ಅಲ್ವಾ ಹಿಂದೂಪುರದ ಅಕ್ಕೋರು? ಈ ಕೆನೆ ಹೋಳಿಗೆ ಮಾಡೋರು? ನಾನು ಈರಕ್ಕ, ಸೆಟ್ಟೂರು ಕಡೆಯೋಳು. ನಾನ್ ಸಾಯಂಕಾಲ ಕೆಲ್ಸಕ್ಕೆ ಬರೋದು, ನೀವ್ ಅಷ್ಟೊತ್ಗೆ ಬಸ್ ಹತ್ಬುಟ್ಟಿರ್ತೀರ. ವರ್ಷಾನೂ ಅನ್ಕೊಳ್ಳೋಳು, ಒಂದ್ ಸಲ ನೋಡ್ಬೇಕು ಆಯಮ್ಮನ್ನ ಅಂತ.”

ಭ್ರಮರಾಂಬಳ ಕಣ್ಣು ಆ ತಟ್ಟೆಯ ಮೇಲೇ ಇತ್ತು. ಈರಕ್ಕನಿಗೆ ಅದೇನೂ ಗೊತ್ತಾಗಲಿಲ್ಲ. ಅವಳು ಹೇಳುತ್ತಲೇ ಹೋದಳು. ತನ್ನ ಗಂಡ ಕುರಿ ಹೊಡೆದುಕೊಂಡು ಎಲ್ಲೇ ಹೋಗಿರಲಿ, ಈ ಸೋಮವಾರ ಮಾತ್ರ ಮನೆಗೆ ಬಂದುಬಿಡುತ್ತಾನಂತೆ. ಹಲ್ಲಿಲ್ಲದ ಅತ್ತೆ ಕೆನೆಯನ್ನೆಲ್ಲ ತಾನೇ ನೆಕ್ಕಿ, ಗಟ್ಟಿ ಅಂಚನ್ನು ಮಕ್ಕಳಿಗೆ ಬಿಡುತ್ತಾಳಂತೆ. ಮೊದಲ ವರ್ಷ ಬೀಜ ಇರುತ್ತದೆಂದು ಹೆದರಿ ಹೆದರಿ ಅಗಿದರಂತೆ, ಒಂದು ಬೀಜವೂ ಸಿಗಲಿಲ್ಲವಂತೆ.

“ಅಷ್ಟು ನಾಜೂಕಾಗಿ ಯಾರಕ್ಕ ಬಿಡಿಸ್ತಾರೆ? ಅದ್ಕೇ ನಾನು ತಟ್ಟೆ ಒಂದ್ ಸಲಾನೂ ಖಾಲಿ ಕಳಿಸ್ಲಿಲ್ಲ. ನಮ್ಮಂಥೋರ ಮನೇಲಿ ಇನ್ನೇನಿರ್ತದೆ? ಹುರುಳಿ, ನವಣೆ. ನಾನೇ ಗಂಟು ಕಟ್ಟಿ ಅಯ್ಯೋರ ಕೈಗೆ ಕೊಡ್ತಿದ್ದೆ. ಬಂದು ಸೇರ್ತಿತ್ತಲ್ವಾ?”

“ಸೇರ್ತಿತ್ತು” ಎಂದಳು ಭ್ರಮರಾಂಬ. “ಇವ್ರು... ಮನೇಲಿ ತಿನ್ನಲ್ವಾ?”

“ಇವ್ರೆಲ್ ತಿಂತಾರೆ, ಲಿಂಗವಂತ್ರು? ಅಮ್ಮೋರು ಮೊದ್ಲೇ ಹೇಳವ್ರೆ, ಮಿಷನ್ ಅಡುಗೆ ಮನೇದು, ಮೊಟ್ಟೆ ಇರ್ತದೆ, ನಾವು ಮುಟ್ಟಂಗಿಲ್ಲ, ನೀನ್ ಒಯ್ಕೋ ಅಂತ. ಇವ್ರು ತಿನ್ನಲ್ಲ ಅಂತ ಗೊತ್ತಿದ್ದೂ ನೀವು ವರ್ಷಾ ವರ್ಷಾ ತತ್ತೀರಲ್ಲ, ನಮ್ಗೋಸ್ಕರಾನೇ ತರೋದು ಅಂತ ನಮ್ಮತ್ತೆ ಅಂತಾಳೆ. ಹೌದಾ ಅಕ್ಕೋರೆ?”

ಆ ಮುಖದ ಮೇಲೆ ಅಷ್ಟು ಸಂತೋಷವಿತ್ತು. ಭ್ರಮರಾಂಬ ತೊಟ್ಟಿಯ ಕಲ್ಲನ್ನು ಹಿಡಿದುಕೊಂಡಳು. “ಹೂಂ ಕಣಮ್ಮ,” ಎಂದಳು, “ನಿಮ್ಗೋಸ್ಕರಾನೇ.”

ಈರಕ್ಕ ಹೋದ ಮೇಲೆ ಅವಳು ಬಹಳ ಹೊತ್ತು ಕಾಲಿಗೆ ನೀರು ಹಾಕಿಕೊಳ್ಳುತ್ತ ನಿಂತಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎಷ್ಟೋ ವರ್ಷ ನವಣೆ ಅನ್ನದ ಮುಂದೆ ಕೂತು ತನ್ನ ತವರು ತನ್ನನ್ನು ಮರೆತಿಲ್ಲ ಎಂದುಕೊಂಡಿದ್ದಳಲ್ಲ, ಆ ಊಟಗಳನ್ನೆಲ್ಲ ಯಾರೋ ಒಟ್ಟಿಗೆ ವಾಪಸು ಕಿತ್ತುಕೊಂಡ ಹಾಗಾಯಿತು. ಆದರೂ, ಮೊಟ್ಟೆಯ ವಿಷಯ ತಾನೇ, ಅದೊಂದು ತಪ್ಪು ತಿಳಿವಳಿಕೆ, ಹೇಳಿದರೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಒಳಗೆ ಬಂದಳು.

ಒಳಗೆ ಪೂಜೆಗೆ ಅಣಿಯಾಗುತ್ತಿತ್ತು. ದೇವರ ಕೋಣೆಯಿಂದ ವಿಭೂತಿಯ, ಊದುಬತ್ತಿಯ ವಾಸನೆ ಬರುತ್ತಿತ್ತು. ಅಡುಗೆಮನೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಪಡಸಾಲೆಯಲ್ಲಿ, ಹಲಗೆಯ ಕೆಳಗೆ, ಬೇರೆ ಒಂದು ಎಲೆ ಹಾಕಿತ್ತು. ಅದರ ಮೇಲೆ ಆಗಲೇ ಅನ್ನ ಬಡಿಸಿತ್ತು.

“ನೀವ್ ಉಂಡ್ಬುಡಿ ಅತ್ತಿಗೆ,” ಎಂದಳು ದ್ರಾಕ್ಷಾಯಣಮ್ಮ ಮೃದುವಾಗಿ. “ದಣಿದಿದೀರ. ನಮ್ದು ಪೂಜೆ ಮುಗಿಯೋದು ತಡ ಆಯ್ತದೆ.”

ಆ ದಿನ ಅವಳು ಹಿಡಿಯಬೇಕಾದ ಬಸ್ಸು ಯಾವುದೂ ಇರಲಿಲ್ಲ.

ಭ್ರಮರಾಂಬ ಆ ಒಂಟಿ ಎಲೆಯನ್ನು ನೋಡುತ್ತ ನಿಂತಳು. ಮೊಟ್ಟೆಯ ಸಂಶಯ ಪೈಗೆ ಮಾತ್ರ ಅಂಟಿರಲಿಲ್ಲ, ತನಗೂ ಅಂಟಿತ್ತು. ಮೊದಲಿನಿಂದಲೂ ತನ್ನನ್ನು ಅವರು ಪಡಸಾಲೆಯಿಂದ ಒಳಗೆ ಕರೆದಿರಲೇ ಇಲ್ಲ. ಬಸ್ಸಿನ ನೆಪ ಅವರಿಗೆ ಎಷ್ಟು ಅನುಕೂಲವಾಗಿತ್ತೋ, ಅದನ್ನು ಕಾಣದಿರಲು ತನಗೂ ಅಷ್ಟೇ ಅನುಕೂಲವಾಗಿತ್ತು.

“ಅದ್ರಲ್ಲಿ ಮೊಟ್ಟೆ ಇಲ್ಲ ಮರುಳಪ್ಪ,” ಎಂದಳು. “ಯಾವತ್ತೂ ಇರ್ಲಿಲ್ಲ. ನಾನು ತಿನ್ನೋಳೂ ಅಲ್ಲ.” ಸೆರಗಿನ ಒಳಗಿನಿಂದ ಲಿಂಗದ ಕರಡಿಗೆಯನ್ನು ಹೊರಗೆಳೆದು ಹಿಡಿದಳು. “ಒಂದ್ ಮಾತು ಕೇಳ್ಬೋದಿತ್ತಲ್ಲಪ್ಪ.”

ಮಡಿ ಪಂಚೆಯಲ್ಲಿ ನಿಂತಿದ್ದ ಮರುಳಪ್ಪನ ಮುಖ ಕಪ್ಪಿಟ್ಟಿತು. “ನಿನ್ನ ಹೆಂಗಕ್ಕ ಕೇಳೋದು ಅಂಥ ಮಾತು? ನನ್ ಸಾಕಿದೋಳು ನೀನು. ಬೇಜಾರ್ ಮಾಡ್ಕೊಂಡ್ಬುಟ್ರೆ ಅಂತ...” ಅವನು ಕೆಟ್ಟವನಲ್ಲ. ಅಕ್ಕನ ಮನಸ್ಸು ನೋಯಬಾರದೆಂದೇ ಕೇಳಿರಲಿಲ್ಲ. ಗೌರವ ಹೆಚ್ಚಾಗಿ ಒಬ್ಬ ಹೆಂಗಸನ್ನು ಇಷ್ಟು ವರ್ಷ ಹೊರಗೆ ಕೂರಿಸಬಹುದು ಎಂದು ಅವನಿಗೆ ಆ ಕ್ಷಣದವರೆಗೆ ಹೊಳೆದಿರಲೂ ಇಲ್ಲವೇನೋ.

ಅವನು ಒಮ್ಮೆ ಒಳಗಿನ ಎಲೆಗಳ ಸಾಲು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ದ್ರಾಕ್ಷಾಯಣಮ್ಮ ನೆಲ ನೋಡುತ್ತಿದ್ದಳು. ಒಂದು ಎಲೆ ಎತ್ತಿ ಒಳಗಿಡಲು ಎಷ್ಟು ಹೊತ್ತು ಬೇಕು? ಭ್ರಮರಾಂಬ ಕಾದಳು. ಬಿಗುಮಾನವನ್ನೆಲ್ಲ ಬಿಟ್ಟು, ಬಾಯಿಬಿಟ್ಟು ಕೇಳುವವಳ ಹಾಗೆಯೇ ಅವನ ಮುಖ ನೋಡುತ್ತ ಕಾದಳು.

ಮರುಳಪ್ಪ ಗಂಟಲು ಸರಿಮಾಡಿಕೊಂಡ. “ಬೆಳಗ್ಗೆ ಮೊದಲ್ನೇ ಬಸ್ಸಿಗೆ ನಾನೇ ಬಂದು ಕೂರಿಸ್ತೀನಕ್ಕ. ಕಿಟಕಿ ಪಕ್ಕ ಸೀಟು ಹಿಡ್ಕೊಡ್ತೀನಿ.”

ಅವಳು ಎಲೆಯ ಮುಂದೆ ಕೂತಳು. ಅನ್ನ ಬಿಡಬಾರದೆಂದು ಪೂರ್ತಿ ಉಂಡಳು. ಒಳಗೆ ಗಂಟೆ ಬಾರಿಸಿದಾಗ ಕೂತಲ್ಲಿಂದಲೇ ಕೈ ಮುಗಿದಳು.

ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮರುಳಪ್ಪ ಹೇಳಿದ ಹಾಗೆ ಕಿಟಕಿಯ ಪಕ್ಕ ಟವಲು ಹಾಸಿ ಸೀಟು ಹಿಡಿದುಕೊಟ್ಟ. ಬಾಳೆಹಣ್ಣು ಕೊಡಿಸಿದ. ಆಮೇಲೆ ಕೆಳಗಿಳಿದು ಗಡಿಯಾರ ನೋಡುತ್ತ, ಡ್ರೈವರ್ ಬರುವ ದಾರಿ ನೋಡುತ್ತ ನಿಂತ. ಡ್ರೈವರ್ ಬಂದು ಇಂಜಿನ್ ಶುರು ಮಾಡಿದಾಗ ಅವನ ಮುಖಕ್ಕೆ ಜೀವ ಬಂತು.

ಆಗ ಜನರ ನಡುವೆ ತೂರಿಕೊಂಡು ಈರಕ್ಕ ಬಂದಳು. ಓಡಿ ಬಂದು ಏದುಸಿರು. ಕಿಟಕಿಯ ಸರಳುಗಳ ಮೇಲಿಂದ ಗಂಟನ್ನು ಎತ್ತಿ ಹಿಡಿದಳು. “ತಟ್ಟೆ, ಅಕ್ಕೋರೆ. ನೀವ್ ಇಲ್ಲೇ ಇದೀರಲ್ಲ, ಅಯ್ಯೋರ ಕೈಲಿ ಯಾಕೆ ಅಂತ ನಾನೇ ತಂದೆ. ನಮ್ಮತ್ತೆ ಅಂದ್ಲು, ಈ ವರ್ಷ ಕೆನೆ ಇನ್ನೂ ಚೆನ್ನಾಗಿತ್ತಂತೆ. ಮುಂದಿನ ಕಾರ್ತೀಕಕ್ಕೆ ಬತ್ತೀರಲ್ವಾ?”

ಮುಂದಿನ ವರ್ಷ ಬರುತ್ತೀಯಾ ಎಂದು ಆ ಊರಿನಲ್ಲಿ ಅವಳನ್ನು ಕೇಳಿದವಳು ಅವಳೊಬ್ಬಳೇ. ಭ್ರಮರಾಂಬ ಗಂಟನ್ನು ಎದೆಗವಚಿಕೊಂಡಳು. “ಇನ್ಮೇಲೆ ಆ ಒಲೆ ಇರಲ್ಲ ಕಣಮ್ಮ. ಪೈ ಮಾಡಕ್ಕಾಗಲ್ಲ. ಏನ್ ತಗೊಂಡ್ ಬರ್ಲಿ ಹೇಳು?”

ಈರಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಸ್ಸು ಚಲಿಸತೊಡಗಿತ್ತು. ಅವಳು ಕಿಟಕಿಯ ಜೊತೆಗೇ ನಡೆಯುತ್ತ, ಗಟ್ಟಿಯಾಗಿ, ಪಕ್ಕದಲ್ಲಿ ನಿಂತ ಮರುಳಪ್ಪನಿಗೂ ಕೇಳುವಂತೆ ಹೇಳಿದಳು, “ಅಯ್ಯೋ, ಏನೂ ಬ್ಯಾಡ ಕಣಕ್ಕ. ಬರಿಗೈಲಿ ಬನ್ನಿ.”

ಬಸ್ಸು ಊರು ಬಿಟ್ಟ ಮೇಲೆ ಭ್ರಮರಾಂಬ ಗಂಟು ಬಿಚ್ಚಿದಳು. ತಟ್ಟೆಯಲ್ಲಿ ಹುರಿದ ಹುರುಳಿ ಇತ್ತು, ಇನ್ನೂ ಬಿಸಿಯಾಗಿತ್ತು. ಬೆಳಗ್ಗೆ ಎದ್ದು ಹುರಿದಿರಬೇಕು. ಅವಳು ಒಂದೊಂದೇ ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಳು. ಪಕ್ಕದವಳು ಏನಮ್ಮ, ಎಲ್ಲಿಂದ ಬರುತ್ತಿದ್ದೀರಿ, ತವರಿಂದಲಾ ಎಂದು ಕೇಳಿದಳು. ಭ್ರಮರಾಂಬ ಅವಳ ಕೈಗೂ ಒಂದು ಹಿಡಿ ಹುರುಳಿ ಹಾಕಿದಳು.